ನೀಲಿ ಹಲ್ಲಿನ ಗರಗಸ

ನಮ್ಮ ಕಸುಬಿನಲ್ಲಿ ಒಂದು ಪದ್ಧತಿ ಇತ್ತು. ಅಂಗಡಿಯಿಂದ ತಂದ ಹೊಸ ಗರಗಸವನ್ನು ಹಾಗೇ ಕೆಲಸಕ್ಕೆ ಹಚ್ಚುತ್ತಿರಲಿಲ್ಲ. ಮೊದಲು ಅದಕ್ಕೆ ಗುರುವಿನ ಅರ ಮುಟ್ಟಬೇಕು. ಅರ ಎಂದರೆ ಹಲ್ಲು ಮಸೆಯುವ ಮೂರು ಮೂಲೆಯ ಉಕ್ಕಿನ ಕಡ್ಡಿ. ಇದರಲ್ಲಿ ದೇವರ ಮಾತು ಕಡಿಮೆ, ಉಪಯೋಗದ ಮಾತು ಹೆಚ್ಚು. ಆಗ ಕಾರ್ಖಾನೆಯಿಂದ ಬರುತ್ತಿದ್ದ ಗರಗಸಗಳಿಗೆ ಹಲ್ಲು ಹೆಸರಿಗಷ್ಟೇ ಇರುತ್ತಿದ್ದವು. ತಿಳಿದವರೊಬ್ಬರು ಕೂತು ಒಂದೊಂದೇ ಹಲ್ಲು ತಿದ್ದಿ ಕೊಟ್ಟ ಮೇಲೆಯೇ ಅದು ಕಟ್ಟಿಗೆ ಕೊಯ್ಯುತ್ತಿತ್ತು.

ಬೆಟಗೇರಿಯಲ್ಲಿ ಆ ತಿಳಿದವರು ಎಂದರೆ ನಮ್ಮ ಕಾಕಾ. ಸಂಬಂಧದಲ್ಲಿ ಕಾಕಾ ಅಲ್ಲ, ನನಗೆ ಬಡಗಿತನ ಕಲಿಸಿದವರು. ಊರಿನ ಬಡಿಗೇರೆಲ್ಲ ಹಾಗೇ ಕರೆಯುತ್ತಿದ್ದರು. ಅವರು ಮೊದಲು ನೇಕಾರರ ಮನೆಗಳಲ್ಲಿ ಮಗ್ಗದ ಕೆಲಸ ಮಾಡಿದವರು. ಮಗ್ಗಗಳು ಕಡಿಮೆಯಾದ ಮೇಲೆ ಬಾಗಿಲು ಕಿಟಕಿ ಮಾಡಿದರು. ಮೊಣಕಾಲು ಮಾತು ಕೇಳದಂತಾದ ಮೇಲೆ ಅರ ಹಾಕುವ ಕೆಲಸ ಒಂದನ್ನೇ ಇಟ್ಟುಕೊಂಡರು. ಲಕ್ಕುಂಡಿ, ಅಸುಂಡಿ, ಕಣಗಿನಹಾಳದ ಬಡಿಗೇರು ಗರಗಸವನ್ನು ಗೋಣಿತಟ್ಟಿನಲ್ಲಿ ಸುತ್ತಿಕೊಂಡು ಬಸ್ಸಿನಲ್ಲಿ ಅವರ ತಗಡಿನ ಅಂಗಡಿಗೆ ಬರುತ್ತಿದ್ದರು.

ಕಾಕಾನ ಕಣ್ಣು ಮಂದವಾಗಿ ಬಹಳ ವರ್ಷ ಆಗಿತ್ತು. ಅವರು ನೋಡಿ ಮಸೆಯುತ್ತಿರಲಿಲ್ಲ. ಎಡಗೈ ಹೆಬ್ಬೆರಳಿನ ಉಗುರನ್ನು ಹಲ್ಲಿನ ಬುಡಕ್ಕೆ ತಾಗಿಸುವುದು, ಅದರ ಮಗ್ಗುಲಿಗೆ ಅರ ಕೂಡಿಸುವುದು, ಮೂರು ಸಲ ತಳ್ಳುವುದು, ಮುಂದಿನ ಹಲ್ಲಿಗೆ ಹೋಗುವುದು. ಮೂರೇ ಸಲ, ನಾಲ್ಕನೆಯದು ಇಲ್ಲ. ಸಾಲು ಮುಗಿದ ಮೇಲೆ ಉಗುರಿನಿಂದ ಒಮ್ಮೆ ಈ ತುದಿಯಿಂದ ಆ ತುದಿಗೆ ಸವರಿ ನೋಡುತ್ತಿದ್ದರು. ಕಣ್ಣು ಮೋಸ ಮಾಡೀತು, ಉಗುರು ಮಾಡುವುದಿಲ್ಲ ಎಂದು ನಮಗೆ ಹೇಳಿಕೊಟ್ಟಿದ್ದರು. ನನಗೆ ಆ ವಿದ್ಯೆ ಹತ್ತಲಿಲ್ಲ. ನಾನು ಅರ ಹಿಡಿದಾಗೆಲ್ಲ, "ಎಮ್ಮಿ ಮೈ ತಿಕ್ಕಿದಂಗ ತಿಕ್ಕತೀಯಲ್ಲೋ" ಎಂದು ಎದ್ದು ಬಂದು ಕಸಿದುಕೊಳ್ಳುತ್ತಿದ್ದರು.

ಆ ವರ್ಷ ನಾನು ಗದಗಿನಲ್ಲಿ ಒಂದು ಹೊಸ ಮನೆಗೆ ಕಿಟಕಿ ಮಾಡುತ್ತಿದ್ದೆ. ಮನೆಯ ನಕ್ಷೆ ಬರೆದ ಮೇಡಂ ಮೈಸೂರು ಕಡೆಯವರು. ತಿಂಗಳಿಗೊಮ್ಮೆ ಬಂದು ಕೆಲಸ ನೋಡಿ ಹೋಗುತ್ತಿದ್ದರು. ಒಂದು ಸಣ್ಣ ಕೂಡಿಕೆಯನ್ನು ನಾನು ದಪ್ಪ ಗರಗಸದಲ್ಲಿ ಕೊಯ್ಯಲು ಒದ್ದಾಡುವುದನ್ನು ನೋಡಿದರು. ಮುಂದಿನ ಸಲ ಬರುವಾಗ ನನಗಾಗಿ ಜಪಾನಿನ ಒಂದು ಗರಗಸ ತಂದರು.

ಅಂಥದ್ದನ್ನು ನಾನು ನೋಡಿರಲಿಲ್ಲ. ಹಿಡಿಕೆ ಮೊಳದುದ್ದ, ಬೆತ್ತ ಸುತ್ತಿದ್ದು. ಬ್ಲೇಡು ಲಗ್ನಪತ್ರಿಕೆಯ ಕಾಗದದಷ್ಟು ತೆಳ್ಳಗೆ. ಎರಡೂ ಅಂಚಿಗೆ ಹಲ್ಲು. ಒಂದು ಕಡೆ ಸಣ್ಣವು, ಕಟ್ಟಿಗೆಯನ್ನು ಅಡ್ಡ ಕೊಯ್ಯಲು. ಇನ್ನೊಂದು ಕಡೆ ದೊಡ್ಡವು, ಉದ್ದಕ್ಕೆ ಸೀಳಲು. ನಮ್ಮ ಗರಗಸ ಮುಂದೆ ತಳ್ಳುವಾಗ ಕೊಯ್ಯುತ್ತದೆ, ಇದು ತನ್ನ ಕಡೆ ಎಳೆದುಕೊಳ್ಳುವಾಗ ಕೊಯ್ಯುತ್ತದೆ ಎಂದು ಮೇಡಂ ತಿಳಿಸಿದರು. ತಳ್ಳುವ ಬ್ಲೇಡು ತೆಳ್ಳಗಿದ್ದರೆ ಬಾಗುತ್ತದೆ. ಎಳೆಯುವ ಬ್ಲೇಡು ಬಿಗಿದ ತಂತಿಯ ಹಾಗೆ ತಾನೇ ನೆಟ್ಟಗಾಗುತ್ತದೆ, ಅದಕ್ಕೇ ಇಷ್ಟು ತೆಳ್ಳಗೆ ಮಾಡಲು ಬರುತ್ತದೆ. ಹೋಗುವಾಗ ಇನ್ನೊಂದು ಮಾತು ಹೇಳಿದರು. ಹಲ್ಲು ಮೊಂಡಾದರೆ ಬ್ಲೇಡು ಬಿಸಾಕಿ, ಇದೇ ಹಿಡಿಕೆಗೆ ಹೊಸದು ಹಾಕಿಕೊಳ್ಳಿ ಅಂದರು.

ನಾನು ಹೂಂ ಅಂದೆ. ಮನಸ್ಸಿನಲ್ಲಿ, ದುಡ್ಡಿದ್ದವರ ಮಾತು, ಗರಗಸ ಯಾರಾದರೂ ಬಿಸಾಕುತ್ತಾರೆಯೇ ಅಂದುಕೊಂಡೆ. ಗರಗಸ ಬಂದ ಪಾಕೀಟಿನಲ್ಲಿ ಒಂದು ಕಾಗದ ಇತ್ತು. ಒಂದು ಮಗ್ಗುಲಿಗೆ ಜಪಾನಿನ ಅಕ್ಷರ, ಇನ್ನೊಂದು ಮಗ್ಗುಲಿಗೆ ಇಂಗ್ಲಿಷು. ನಾನು ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟವನು. ಇದರಲ್ಲಿ ಏನಿದೆ ಎಂದು ಮೇಡಂಗೆ ಕೇಳಬಹುದಿತ್ತು. ನಾಚಿಕೆ ಬಂತು. ಮಡಚಿ ಉಪಕರಣದ ಪೆಟ್ಟಿಗೆಯ ತಳಕ್ಕೆ ಹಾಕಿದೆ.

ಅವತ್ತೇ ಸಂಜೆ ಗರಗಸ ಹಿಡಿದು ಕಾಕಾನ ಅಂಗಡಿಗೆ ಹೋದೆ. ಕಾಕಾ ಅದರ ಎರಡೂ ಅಂಚನ್ನು ಬೆರಳಲ್ಲಿ ಮುಟ್ಟಿ ನೋಡಿದರು.

"ಎರಡೂ ಕಡೆ ಹಲ್ಲು! ಇಬ್ಬರು ಸೊಸ್ತ್ಯಾರಿರೋ ಮನಿ ಇದ್ದಂಗ ಐತಲ್ಲಲೇ ಇದು. ಎಲ್ಲಿ ಹಿಡದ್ರೂ ಕಡಿತೈತಿ."

ನಾನು ಒಂದು ತುಂಡು ಹಲಗೆಯ ಮೇಲೆ ತೋರಿಸಲು ಹೋಗಿ ರೂಢಿಯಂತೆ ತಳ್ಳಿದೆ. ಬ್ಲೇಡು ಬಿಲ್ಲಿನ ಹಾಗೆ ಬಾಗಿತು. ಕಾಕಾ ನಕ್ಕು, ಗೋಣಿತಟ್ಟು ಹಾಸು ಅಂದರು. ಬಹಳ ದಿನ ಆಗಿತ್ತು ಅವರು ನೆಲಕ್ಕೆ ಕೂತು. ಗೋಡೆ ಹಿಡಿದು ನಿಧಾನಕ್ಕೆ ಕೂತರು. ಹಲಗೆಯನ್ನು ಎಡಗಾಲಿನ ಕೆಳಗೆ ಒತ್ತಿ ಹಿಡಿದು, ಎರಡೂ ಕೈಯಲ್ಲಿ ಹಿಡಿಕೆ ಹಿಡಿದು ಎಳೆದರು. ಹಿಟ್ಟಿನಂಥ ಪುಡಿ ಅವರ ಮಡಿಲಿಗೇ ಬಿತ್ತು. ಗೆರೆ ದಾರ ಹಿಡಿದ ಹಾಗೆ ನೇರ ಹೋಯಿತು. ಅವರು ತಲೆ ಎತ್ತಿದಾಗ ಮುಖ ಬೇರೆಯೇ ಆಗಿತ್ತು.

"ನಮ್ಮಪ್ಪನ ಗರಗಸ ಹಿಂಗ ಎಳಿಯೂದ ಇತ್ತು. ಕುಂತು, ಕಾಲಾಗ ಹಿಡದು ಎಳೀತಿದ್ದ. ಆಮ್ಯಾಲ ಮಾರ್ಕೆಟ್ಟಿಗೆ ಬ್ಯಾರೆ ಗರಗಸ ಬಂದ್ವು, ನಾವು ನಿಂತು ತಳ್ಳಾಕ ಕಲತ್ವಿ. ಎಲ್ಲಿ ಹೋಗಿತ್ತಲೇ ಇದು, ಜಪಾನಕ್ಕ ಹೋಗಿತ್ತೇನು?"

ಬೇಕಾದ್ದು ಬೇಡಾದ್ದು ಎಲ್ಲಾ ತುಂಡನ್ನೂ ಅವರು ಅವತ್ತು ಕೊಯ್ದರು. ಕೊನೆಗೆ ಬ್ಲೇಡನ್ನು ಬಿಸಿಲಿಗೆ ಹಿಡಿದು ಕಣ್ಣು ಕಿರಿದು ಮಾಡಿ ನೋಡಿ ಒಂದೇ ಒಂದು ತಪ್ಪು ಹೇಳಿದರು. ಹಲ್ಲಿನ ತುದಿಗಳು ಕಪ್ಪು ನೀಲಿ ಬಣ್ಣಕ್ಕೆ ಇದ್ದವು. ತಿರುಗುವ ಮಸೆಕಲ್ಲಿಗೆ ಉಳಿಯನ್ನು ಜೋರಾಗಿ ಒತ್ತಿದರೆ ಅದರ ಬಾಯಿ ನೀಲಿ ಆಗುತ್ತದೆ, ಅಂದರೆ ಉಕ್ಕು ಸುಟ್ಟು ಮೆತ್ತಗಾಯಿತು ಎಂದು ಅರ್ಥ. ನಮಗೆಲ್ಲ ಗೊತ್ತಿದ್ದ ಲೆಕ್ಕ ಇದು. ಕಾರ್ಖಾನೆಯಲ್ಲಿ ಅವಸರ ಮಾಡಿ ಹಲ್ಲು ಸುಟ್ಟಿದ್ದಾರೆ, ಅರ ಹಾಕಿ ನೀಲಿ ತೆಗೆದರೆ ಒಳಗೆ ಒಳ್ಳೆಯ ಉಕ್ಕು ಸಿಗುತ್ತದೆ ಎಂದು ಕಾಕಾ ಹೇಳಿದರು. ನನಗೂ ಅದು ಸರಿ ಅನ್ನಿಸಿತು. ಮೇಡಂ ಹೇಳಿದ ಮಾತನ್ನು ನಾನು ಅವರಿಗೆ ತಿಳಿಸಲಿಲ್ಲ.

ಅದೇ ವಾರ ಲಕ್ಷ್ಮೇಶ್ವರದಿಂದ ನಿವೃತ್ತ ಮಾಸ್ತರೊಬ್ಬರು ಬಂದರು. ಅವರ ಓಣಿಯವರು ಶ್ರಾವಣದಲ್ಲಿ ಕೂಡಿ ಪುರಾಣ ಓದುತ್ತಾರೆ. ಅದಕ್ಕೆ ಹನ್ನೊಂದು ವ್ಯಾಸಪೀಠ ಬೇಕು. ಪುಸ್ತಕ ಇಟ್ಟು ಓದುವ, ಬಿಚ್ಚಿದರೆ ಕತ್ತರಿಯ ಹಾಗೆ ನಿಲ್ಲುವ ಮಣೆ. ಅಂಗಡಿಯಲ್ಲಿ ಸಿಗುವಂಥ ಎರಡು ಹಲಗೆಗೆ ತಗಡಿನ ಬಿಜಾಗರಿ ಹೊಡೆದದ್ದು ಅವರಿಗೆ ಬೇಡ. ಹಳೆಯ ಕಾಲದ ಹಾಗೆ ಒಂದೇ ಹಲಗೆಯದು ಬೇಕು. ಶ್ರಾವಣಕ್ಕೆ ಒಂದೂವರೆ ತಿಂಗಳಿತ್ತು. ನಾನು ಒಪ್ಪಿಕೊಂಡೆ, ಆ ಗರಗಸವನ್ನು ನಂಬಿಕೊಂಡು.

ಒಂದೇ ಹಲಗೆಯ ವ್ಯಾಸಪೀಠ ಮಾಡುವುದು ಹೀಗೆ. ಒಂದು ಇಂಚು ದಪ್ಪದ ಸಾಗವಾನಿ ಹಲಗೆ ತೆಗೆದುಕೊಂಡು, ನಡುವೆ ಬಿಜಾಗರಿಯ ಹಾಗೆ ತಿರುಗುವ ಐದು ಗಂಟಿನ ಗುರುತು ಹಾಕಬೇಕು. ಆ ಗಂಟುಗಳನ್ನು ಎರಡೂ ಮೈಯಿಂದ ಸಣ್ಣ ಉಳಿಯಲ್ಲಿ ಕಡಿದು, ಒಂದರ ಮಗ್ಗುಲಿಗೆ ಒಂದು ಬಿಡಿಸಬೇಕು. ಆಮೇಲೆ ಹಲಗೆಯನ್ನು ನಿಲ್ಲಿಸಿ ದಪ್ಪದ ನಡುವೆಯೇ ಸೀಳುತ್ತಾ ಬರಬೇಕು, ಮೇಲಿನ ತುದಿಯಿಂದ ಗಂಟಿನವರೆಗೆ, ತಿರುಗಿಸಿ ಕೆಳಗಿನ ತುದಿಯಿಂದ ಗಂಟಿನವರೆಗೆ. ಎಲ್ಲಾ ಸರಿ ಬಂದರೆ ಹಲಗೆ ಚಟ್ ಎಂದು ಬಾಯಿ ಬಿಟ್ಟು, ಒಂದರೊಳಗೊಂದು ಸಿಕ್ಕಿಕೊಂಡ ಎರಡು ಹಲಗೆ ಆಗುತ್ತದೆ. ಎಲ್ಲಿಯೂ ಮೊಳೆ ಇಲ್ಲ, ಅಂಟಿಸುವ ಸರಸು ಇಲ್ಲ. ಗರಗಸ ಒಂದು ಕೂದಲು ಆಚೀಚೆ ಹೋದರೆ ಅಲ್ಲಿಯವರೆಗೆ ಮಾಡಿದ್ದೆಲ್ಲ ಹಾಳು.

ಕೆಲಸ ಶುರು ಮಾಡುವ ಮುಂಚೆ ಪದ್ಧತಿಯಂತೆ ಗರಗಸವನ್ನು ಕಾಕಾಗೆ ಒಪ್ಪಿಸಿದೆ. ಸೀಳುವ ಕಡೆಯ ದೊಡ್ಡ ಹಲ್ಲಿಗೆ ಮೊದಲು ಅರ ಹಾಕುತ್ತೇನೆ, ಸಂಜೆ ಬಾ ಅಂದರು.

ಸಂಜೆ ಹೋದಾಗ ದೂರದಿಂದಲೇ ಸಪ್ಪಳ ಕೇಳಿತು. ಕಾಕಾನ ಅರ ಹಲ್ಲಿನ ಮೇಲೆ ಹರಿದರೆ ಒಣ ಎಲೆ ಸರಿದ ಹಾಗೆ ಸಪ್ಪಳ ಬರುತ್ತಿತ್ತು. ಅವತ್ತು ಕೀರ್ ಕೀರ್ ಎಂದು ಗಾಜು ಕೆರೆದ ಹಾಗೆ ಬರುತ್ತಿತ್ತು. ಗರಗಸ ಕಟ್ಟಿಗೆಯ ಇಕ್ಕಳದಲ್ಲಿ ಸಿಕ್ಕಿಸಿತ್ತು. ಕಾಕಾನ ಅಂಗಿ ಬೆನ್ನಿಗೆ ಅಂಟಿತ್ತು. ಸಾಲಿನ ಈ ತುದಿಯಿಂದ ಆ ತುದಿಯವರೆಗೆ ಹೋಗಿದ್ದರು, ಆದರೆ ಒಂದು ಹಲ್ಲಿನ ನೀಲಿಯೂ ಹೋಗಿರಲಿಲ್ಲ. ಅರ ಸವೆದಿರಬೇಕು, ಹೊಸದು ತಾ ಅಂದರು. ಪೇಟೆಗೆ ಓಡಿ ಹೋಗಿ ತಂದುಕೊಟ್ಟೆ. ತುದಿಯ ನಾಲ್ಕು ಹಲ್ಲಿಗೆ ಹೊಸ ಅರ ಹಾಕಿ ನೋಡಿದರು. ಅದೂ ಜಾರಿತು.

ಆಗ ಅವರು ಮಸೆಯುವುದನ್ನು ಬಿಟ್ಟು, ಹಲ್ಲು ಬಗ್ಗಿಸಿ ನೋಡೋಣ ಅಂದರು. ಗರಗಸ ಸಿಕ್ಕಿಕೊಳ್ಳದೆ ಹೋಗಲಿ ಎಂದು ಒಂದು ಹಲ್ಲು ಎಡಕ್ಕೆ, ಒಂದು ಬಲಕ್ಕೆ ತುಸು ಬಗ್ಗಿಸುವುದುಂಟು. ಸಾವಿರಾರು ಗರಗಸಕ್ಕೆ ಮಾಡಿದ ಕೆಲಸ ಅದು. ಮೊದಲನೆಯ ಹಲ್ಲು ಚಟಕ್ಕನೆ ಮುರಿದು ಹಾರಿತು. ಎರಡನೆಯದೂ ಮುರಿಯಿತು. ಕಾಕಾ ನಿಲ್ಲಿಸಬೇಕಿತ್ತು, ನಿಲ್ಲಿಸಲಿಲ್ಲ. ತಮ್ಮ ಕೈ ಅಳತೆ ತಪ್ಪಿದೆ ಎಂದು ತಿಳಿದು, ಪ್ರತಿ ಸಲ ಇನ್ನಷ್ಟು ಹಗುರ ಹಿಡಿಯುತ್ತಾ ಹೋದರು. ಪ್ರತಿ ಸಲ ಮುರಿಯಿತು. ಒಂಬತ್ತು ಹಲ್ಲು ಹೋದ ಮೇಲೆ ಕೈ ಬಿಟ್ಟರು. ಬಲಗೈಯನ್ನು ತೊಡೆಯ ಮೇಲೆ ಅಂಗಾತ ಇಟ್ಟುಕೊಂಡು ನೋಡುತ್ತಾ ಕೂತರು.

"ಸುಟ್ಟು ಮೆತ್ತಗಾದ ಹಲ್ಲು, ಅದಕ್ಕೂ ನನ್ನ ಅರ ಕೂಡವಲ್ದು. ಕೈ ಹೋತಲೇ ನಂದು."

ಈ ಉಕ್ಕೇ ಬೇರೆ ಇರಬೇಕು ಎಂದು ನಾನು ಏನೋ ತೊದಲಿದೆ. ಉಕ್ಕು ಯಾವ ದೇಶದ್ದಾದರೂ ಉಕ್ಕೇ ಅಲ್ಲವೇ ಅಂದರು. ನನಗೆ ಗೊತ್ತಿದ್ದರಲ್ಲವೇ ಒತ್ತಿ ಹೇಳುವುದು.

ಮರುದಿನ ಮೇಡಂಗೆ ಫೋನ್ ಮಾಡಿ, ಹಲ್ಲು ಮುರಿದವು ಎಂದಷ್ಟೇ ಹೇಳಿದೆ, ಹೇಗೆ ಎಂದು ಹೇಳಲಿಲ್ಲ. ಹೊಸ ಬ್ಲೇಡು ಕೊರಿಯರಿನಲ್ಲಿ ಬರಲು ಎಂಟು ದಿನ ಬೇಕು ಅಂದರು. ಆ ಎಂಟು ದಿನ ಖಾಲಿ ಕೂಡಬಾರದೆಂದು ನನ್ನ ಹಳೆಯ ಗರಗಸದಲ್ಲೇ ಎರಡು ಹಲಗೆಗೆ ಕೈ ಹಾಕಿದೆ. ಒಂದರಲ್ಲಿ ಸೀಳು ಓರೆಯಾಗಿ ಮೈಯಿಂದ ಹೊರಗೆ ಬಂತು. ಇನ್ನೊಂದು ಗಂಟಿನವರೆಗೆ ಬಂದು, ಬಿಡಿಸುವಾಗ ಗಂಟೇ ಕಿತ್ತು ಬಂತು. ನಾಲ್ಕು ದಿನದ ಕೆಲಸ ಒಲೆಗೆ ಹೋಯಿತು.

ಹೊಸ ಬ್ಲೇಡು ಬಂತು. ಅದರ ಹಲ್ಲುಗಳೂ ನೀಲಿಯೇ. ಅದನ್ನು ಎದುರಿಗೆ ಇಟ್ಟುಕೊಂಡು ಬಹಳ ಹೊತ್ತು ಕೂತೆ. ಪದ್ಧತಿಯಂತೆ ಕಾಕಾಗೆ ಒಯ್ಯಬೇಕು. ಒಯ್ದರೆ ಅದೇ ಗತಿ ಆದೀತು. ಬ್ಲೇಡು ಹೋದರೆ ಇನ್ನೊಂದು ಬಂದೀತು, ಆದರೆ ಅಂಗೈ ನೋಡಿಕೊಳ್ಳುತ್ತಾ ಕೂತ ಆ ಮನುಷ್ಯನನ್ನು ಮತ್ತೊಮ್ಮೆ ನೋಡುವ ಧೈರ್ಯ ನನಗಿರಲಿಲ್ಲ. ಒಯ್ಯಲಿಲ್ಲ. ನಡುಹಗಲಿನಲ್ಲಿ ಅಂಗಡಿಯ ಬಾಗಿಲು ಮುಂದೆ ಮಾಡಿ, ಅರ ಮುಟ್ಟದ ಗರಗಸವನ್ನು ನನ್ನ ಜೀವಮಾನದಲ್ಲಿ ಮೊದಲ ಸಲ ಕೆಲಸಕ್ಕೆ ಹಚ್ಚಿದೆ.

ಕಾಕಾ ತೋರಿಸಿದ ಹಾಗೆ ನೆಲಕ್ಕೆ ಕೂತೆ. ಹಲಗೆಯನ್ನು ಗೂಟಕ್ಕೆ ಕಟ್ಟಿ ನಿಲ್ಲಿಸಿ, ಎರಡು ಪಾದದ ನಡುವೆ ಹಿಡಿದೆ. ಮೊದಲು ಮೂಲೆಯಲ್ಲಿ ನಾಲ್ಕು ಬೆರಳಷ್ಟು ಎಳೆದು ದಾರಿ ಮಾಡುವುದು. ಹಲಗೆಯನ್ನು ತಿರುಗಿಸಿ ಆಚೆ ಮೂಲೆಯಿಂದ ಅಷ್ಟೇ ಎಳೆಯುವುದು. ಆಮೇಲೆ ನಡುವಿನದನ್ನು ತೆಗೆಯುವುದು. ಹೀಗೆ ತಿರುಗಿಸಿ ತಿರುಗಿಸಿ ಮಾಡಿದರೆ ಎರಡು ಕಡೆಯ ಗೆರೆಯೂ ಕಣ್ಣ ಮುಂದೆ ಇರುತ್ತದೆ. ಜೋರು ಮಾಡಬಾರದು. ತೋಳು ಎಳೆಯಬೇಕು, ಒತ್ತಬಾರದು. ಬೇಸರವಾದಾಗ ಕೈ ತನ್ನಿಂದ ತಾನೇ ತಳ್ಳಲು ಹೋಗುತ್ತಿತ್ತು, ಬ್ಲೇಡು ಸೀಳಿನೊಳಗೆ ನಡುಗುತ್ತಿತ್ತು. ಆಗ ನಿಲ್ಲಿಸಿ ನೀರು ಕುಡಿದು ಬರುತ್ತಿದ್ದೆ. ಒಂದು ಹಲಗೆಗೆ ಎರಡು ದಿನ ಹಿಡಿಯಿತು. ಮೊದಲನೆಯದು ಬಾಯಿ ಬಿಟ್ಟಾಗ ಒಳಗಿನ ಮೈ ರಂದಾ ಹೊಡೆದ ಹಾಗೆ ನುಣ್ಣಗಿತ್ತು. ಸಂತೋಷದಲ್ಲಿ ಮೊದಲು ನೆನಪಾದದ್ದು ಕಾಕಾಗೆ ತೋರಿಸಬೇಕು ಎಂದು. ತೋರಿಸುವ ಹಾಗಿರಲಿಲ್ಲ.

ಒಂಬತ್ತು ಮುಗಿದಿದ್ದಾಗ ಕಾಕಾ ತಾವೇ ಬಂದರು. ಕೋಲು ಊರಿಕೊಂಡು ಎರಡು ಓಣಿ ದಾಟಿ ಬಂದಿದ್ದರು. ಒಂದು ವ್ಯಾಸಪೀಠ ಕೈಗೆ ತೆಗೆದುಕೊಂಡು ಬಿಚ್ಚಿದರು, ಮುಚ್ಚಿದರು. ಸೀಳಿದ ಮೈಯ ಮೇಲೆ ಉಗುರು ಆಡಿಸಿದರು. ಹಿಂಗ ಮಾಡಬೇಕು ಕೆಲಸ ಎಂದು ಮೆಚ್ಚಿಕೊಂಡರು. ಆಮೇಲೆ ಗರಗಸ ಕೊಡು ಅಂದರು. ಕೊಟ್ಟೆ. ದೊಡ್ಡ ಹಲ್ಲಿನ ಸಾಲಿನ ಮೇಲೆ ಉಗುರನ್ನು ಈ ತುದಿಯಿಂದ ಆ ತುದಿಗೆ ಒಯ್ದರು. ಮತ್ತೊಮ್ಮೆ ಒಯ್ದರು.

"ಅರ ಯಾರು ಹಾಕಿದ್ರೋ ಇದಕ್ಕ?"

ಯಾರೂ ಹಾಕಿಲ್ಲ ಅನ್ನಬೇಕಿತ್ತು. ಆದರೆ ನಮ್ಮ ಕಸುಬಿನಲ್ಲಿ ಗುರುವಿನ ಮುಂದೆ ಆ ಮಾತು ಆಡುವುದೆಂದರೆ ನೀವು ಇನ್ನು ಬೇಡ ಅಂದ ಹಾಗೆ. ನನಗೆ ಹಾಗೆ ಅನ್ನಿಸಿತು. ಬಾಯಿಗೆ ಬಂದದ್ದು ಹೇಳಿದೆ.

"ಹುಬ್ಬಳ್ಳ್ಯಾಗ ಒಬ್ಬಾಂವ ಅದಾನ್ರಿ ಕಾಕಾ. ಅಲ್ಲಿ ಹಾಕಿಸಿಕೊಂಡು ಬಂದೆ."

"ವಯಸ್ಸಿನಾಂವೇನು?"

"ಸಣ್ಣಾಂವ ಅದಾನ್ರಿ. ಮೂವತ್ತರ ಒಳಗ."

ಕಾಕಾ ಇನ್ನೊಮ್ಮೆ ಹಲ್ಲು ಸವರಿದರು.

"ಕೈ ಭಾಳ ಛಲೋ ಐತಿ ಅವಂದು. ಒಂದ ಹಲ್ಲು ಹೆಚ್ಚು ಕಡಿಮಿ ಇಲ್ಲ. ಮತ್ತ ಹೋದಾಗ ಹೇಳು ಅವಗ, ಬೆಟಗೇರ್ಯಾಗ ಒಬ್ಬ ಮುದುಕ ನೋಡಿ ಶಾಬಾಸ್ ಅಂದ ಅಂತ."

ಚಹಾ ತರಿಸುತ್ತೇನೆ ಅಂದೆ. ಬ್ಯಾಡ ಎಂದು ಎದ್ದು ಹೋದರು.

ಮರುವಾರದಿಂದ ನನ್ನ ಅಂಗಡಿಗೆ ಬಡಿಗೇರು ಬರತೊಡಗಿದರು. ಗೋಣಿತಟ್ಟಿನಲ್ಲಿ ಗರಗಸ ಸುತ್ತಿಕೊಂಡವರು. ಕಾಕಾ ಅವರನ್ನೆಲ್ಲ ತಿರುಗಿಸಿ ಕಳಿಸುತ್ತಿದ್ದರು. ತಮ್ಮ ಕೈ ಕೆಟ್ಟಿದೆ, ಹುಬ್ಬಳ್ಳಿಯಲ್ಲಿ ಒಬ್ಬ ಹುಡುಗ ಇದ್ದಾನೆ, ವಿಳಾಸ ಅವನಿಗೆ ಗೊತ್ತು ಎಂದು ನನ್ನ ಕಡೆ ಬೆರಳು ಮಾಡುತ್ತಿದ್ದರು. ಲಕ್ಕುಂಡಿಯ ಒಬ್ಬರಂತೂ ಎರಡು ಸಲ ಬಂದರು. "ಮಾರಾಯಾ, ಅಡ್ರೆಸ್ ಕೊಡಾಕ ಏನು ಧಾಡಿ ನಿನಗ? ಮುತ್ತು ಬಚ್ಚಿಟ್ಟಂಗ ಬಚ್ಚಿಡ್ತೀಯಲ್ಲ" ಎಂದು ಬೈದರು. ಅವನು ಊರು ಬಿಟ್ಟ ಅಂದೆ. ಇಲ್ಲದ ಮನುಷ್ಯನನ್ನು ಹುಟ್ಟಿಸಿದವನು ನಾನೇ, ಊರು ಬಿಡಿಸಿದವನೂ ನಾನೇ. ಆದರೆ ಕಾಕಾನ ಮುಂದೆ ಹೋಗಿ ಬಾಯಿ ಬಿಡಲಿಲ್ಲ. ಇವತ್ತು ಹೇಳೋಣ, ನಾಳೆ ಹೇಳೋಣ ಎಂದು ದಿನ ದೂಡಿದೆ. ಶ್ರಾವಣದ ಕೆಲಸ ಮುಗಿಯಲಿ ಅಂದುಕೊಂಡೆ.

ಶ್ರಾವಣಕ್ಕೆ ಎರಡು ದಿನ ಇರುವಾಗ ಹನ್ನೊಂದನ್ನೂ ಬಟ್ಟೆಯಲ್ಲಿ ಕಟ್ಟಿಕೊಂಡು ಲಕ್ಷ್ಮೇಶ್ವರಕ್ಕೆ ಹೋದೆ. ಮಾಸ್ತರು ಒಂದನ್ನು ಬಿಚ್ಚಿ ಅದರ ಮೇಲೆ ಪುರಾಣದ ಪುಸ್ತಕ ಇಟ್ಟು, ಮೊದಲ ಸಾಲು ನೀನೇ ಓದು, ಮಾಡಿದವನು ನೀನು ಅಂದರು. ನಾನು ಅಕ್ಷರ ಕೂಡಿಸಿ ಕೂಡಿಸಿ ಓದಿದೆ. ಒಂದು ಸಾಲಿಗೆ ಎಷ್ಟು ಹೊತ್ತು ಹಿಡಿಯಿತೋ. ಅವರು ನಗಲಿಲ್ಲ. ವಯಸ್ಸಾದವರೂ ಹೊರಗಿನಿಂದ ಹತ್ತನೇ ಇಯತ್ತೆಯ ಪರೀಕ್ಷೆ ಕಟ್ಟಬಹುದು, ನಾನು ಪಾಠ ಹೇಳುತ್ತೇನೆ, ರವಿವಾರ ಬಾ ಅಂದರು.

ನಾನು ಊರಿಗೆ ಬಂದಾಗ ಕಾಕಾ ಅಂಗಡಿ ಮುಚ್ಚಿ ಮುಂಡರಗಿಗೆ, ಮಗಳ ಮನೆಗೆ ಹೊರಟು ನಿಂತಿದ್ದರು. ಇಕ್ಕಳ, ಸುತ್ತಿಗೆಯನ್ನೆಲ್ಲ ಬೇರೆಯವರಿಗೆ ಕೊಟ್ಟಿದ್ದರು. ಅರವನ್ನು ನನಗೆಂದು ಇಟ್ಟಿದ್ದರು. ಅದರ ಕಟ್ಟಿಗೆಯ ಹಿಡಿ ಕೈಬೆವರಿಗೆ ಕರ್ರಗಾಗಿ, ಅವರ ಮುಷ್ಟಿಯ ಆಕಾರಕ್ಕೆ ಸವೆದಿತ್ತು. ನಾನು ತೆಗೆದುಕೊಂಡೆ. ಆಗಲೂ ಹೇಳಲಿಲ್ಲ.

ಎರಡು ವರ್ಷ ರವಿವಾರ ರವಿವಾರ ಲಕ್ಷ್ಮೇಶ್ವರಕ್ಕೆ ಹೋಗಿ ಬಂದೆ. ಎಲ್ಲಾ ವಿಷಯ ಹೇಗೋ ಹತ್ತಿದವು, ಇಂಗ್ಲಿಷು ಬಹಳ ಕಾಡಿತು. ಮನೆಯಲ್ಲಿ ಇಂಗ್ಲಿಷು ಬರೆದದ್ದು ಏನೇ ಸಿಕ್ಕರೂ ಓದಿ ನೋಡು ಎಂದು ಮಾಸ್ತರು ಹೇಳಿದ್ದರು. ಸಾಬೂನಿನ ಕಾಗದ ಓದಿದೆ, ಔಷಧದ ಚೀಟಿ ಓದಿದೆ. ಒಂದು ದಿನ ಉಪಕರಣದ ಪೆಟ್ಟಿಗೆ ಸ್ವಚ್ಛ ಮಾಡುವಾಗ ಗರಗಸದ ಕಾಗದ ಸಿಕ್ಕಿತು. ಪದಕೋಶ ಮಗ್ಗುಲಿಗೆ ಇಟ್ಟುಕೊಂಡು ಕೂತೆ. ಆರು ಸಾಲಿಗೆ ಮೂರು ದಿನ ಆಯಿತು. ಈ ಗರಗಸದ ಹಲ್ಲುಗಳನ್ನು ವಿಶೇಷವಾಗಿ ಕಾಯಿಸಿ ಅರಕ್ಕಿಂತ ಗಟ್ಟಿ ಮಾಡಲಾಗಿದೆ. ತುದಿಯ ನೀಲಿ ಬಣ್ಣ ಅದರ ಗುರುತು. ಇವನ್ನು ಮಸೆಯಲು ಬರುವುದಿಲ್ಲ. ಹಲ್ಲುಗಳನ್ನು ಬಗ್ಗಿಸಬೇಡಿ, ಮುರಿಯುತ್ತವೆ.

ಮೂರನೆಯ ದಿನ ಕೊನೆಯ ಸಾಲು ಬಿಡಿಸಿ ಮುಗಿಸಿದಾಗ ನನ್ನ ಹೆಂಡತಿ ಏನಾಯಿತು ಎಂದು ಕೇಳಿದಳು. ನಾಳೆ ಕಾಕಾನ ಹತ್ತಿರ ಹೋಗಿ ಬರಬೇಕು ಅಂದೆ.

ಮರುದಿನ ಬೆಳಿಗ್ಗೆ ಮುಂಡರಗಿ ಬಸ್ಸು ಹತ್ತಿದೆ. ಕಿಸೆಯಲ್ಲಿ ಕಾಗದ, ಚೀಲದಲ್ಲಿ ಕಾಕಾನ ಅರ. ಅದನ್ನು ಅವರಿಗೆ ತಿರುಗಿ ಕೊಟ್ಟು ಬರಬೇಕು ಎಂದು ಒಯ್ದಿದ್ದೆ. ಮಗಳು ಬಾಗಿಲಲ್ಲೇ ದೂರು ಶುರು ಮಾಡಿದಳು. "ನೀವರೆ ಹೇಳ್ರಿ ಅಣ್ಣಾರ. ಮನ್ಯಾಗ ಈಳಿಗಿ ಮೊಂಡ ಆಗೇತಿ, ಒಂದ ಸಲ ಮಸದು ಕೊಡಪಾ ಅಂದ್ರ ಹೊರಗ ಕೊಟ್ಟು ಮಾಡಿಸಿಕೋ ಅಂತಾನ. ಊರ ಗರಗಸ ಮಸದಾಂವ, ಮಗಳ ಈಳಿಗಿ ಮುಟ್ಟವಲ್ಲ."

ಕಾಕಾ ಕಟ್ಟೆಯ ಮೇಲೆ ಕೂತಿದ್ದರು. ಬಹಳ ಇಳಿದಿದ್ದರು. ನನ್ನ ಧ್ವನಿ ಹಿಡಿದು ಗುರುತಿಸಿದರು. ನಾನು ಕಾಗದ ತೆಗೆದು, ಮೊದಲು ಇಂಗ್ಲಿಷಿನಲ್ಲಿ ಓದಿ, ಆಮೇಲೆ ಒಂದೊಂದು ಸಾಲಿನ ಅರ್ಥ ಹೇಳಿದೆ. ಹುಬ್ಬಳ್ಳಿಯಲ್ಲಿ ಯಾರೂ ಇಲ್ಲ, ನಾನು ಸುಳ್ಳು ಹೇಳಿದ್ದು, ಆ ಬ್ಲೇಡು ಕಾರ್ಖಾನೆಯಿಂದ ಬಂದ ಹಾಗೇ ಇತ್ತು, ಆ ಹಲ್ಲಿಗೆ ಯಾರ ಅರವೂ ಕೂಡುವುದಿಲ್ಲ, ನಿಮ್ಮ ಕೈಗೆ ಏನೂ ಆಗಿರಲಿಲ್ಲ ಎಂದು ಒಂದೇ ಉಸಿರಿಗೆ ಹೇಳಿದೆ.

ಕಾಕಾ ಪೂರಾ ಕೇಳಿದರು. ಆಮೇಲೆ ನನ್ನ ಮೊಣಕಾಲ ಮೇಲೆ ಕೈ ಇಟ್ಟರು.

"ಸಾಲಿ ಕಲತಿ. ಛಲೋ ಆತು. ಮುದುಕನ ಮನಸ್ಸು ನೋಯಬಾರದು ಅಂತ ಇಷ್ಟು ದೂರ ಬಂದಿ."

"ಖರೇನ ಹೇಳಾಕತ್ತೇನ್ರಿ ಕಾಕಾ. ಕಾಗದದಾಗ ಬರದೈತಿ."

"ಕಾಗದದಾಗ ಏನ ಬೇಕಾದ್ದು ಬರೀತಾರ. ಆ ಹುಡುಗ ಹಾಕಿದ ಹಲ್ಲು ನನ್ನ ಉಗುರಿಲೆ ನೋಡೇನಿ. ಉಗುರು ಸುಳ್ಳಂತ, ನಿನ್ನ ಕಾಗದ ಖರೆ ಅಂತ. ಆ ಮಾತು ಬಿಡು. ಅವಂಗ ನನ್ನ ಶಾಬಾಸ್ ಮುಟ್ಟಸಿದೀಯಿಲ್ಲೊ?"

ನಾನು ಚೀಲದಿಂದ ಅರ ತೆಗೆದು, ನಾನೇ ಆ ಹಲ್ಲಿಗೆ ಅರ ಹಾಕಿ ನೋಡಿದೆ, ನನಗೂ ಜಾರಿತು ಅಂದೆ. ಅದು ಖರೆ. ಹೊರಡುವ ಮುಂಚೆ ಹೊಸ ಬ್ಲೇಡಿನ ತುದಿಗೆ ಹಾಕಿ ನೋಡಿದ್ದೆ. ಕಾಕಾ ಆಗ ನಕ್ಕರು. ಬಹಳ ದಿನಕ್ಕೆ ಅವರು ನಕ್ಕದ್ದು ನೋಡಿದೆ.

"ನೀ ಮೊದಲಿಂದನೂ ಎಮ್ಮಿ ತಿಕ್ಕಾಂವ. ನಿನಗ ಯಾವಾಗ ಕೂಡೇತಿ ಹೇಳು."

ಅರವನ್ನು ಅವರ ಕೈಗೆ ಇಟ್ಟೆ. ಬೆರಳುಗಳು ಹಿಡಿಯ ಮೇಲೆ ತಮ್ಮ ಜಾಗಕ್ಕೆ ತಾವೇ ಹೋಗಿ ಕೂತವು. ಹೆಬ್ಬೆರಳು ಒಮ್ಮೆ ಆಡಿತು. ಆಮೇಲೆ ಅವರು ಅದನ್ನು ನನ್ನ ಅಂಗೈಗೆ ಇಟ್ಟು, ನನ್ನ ಬೆರಳುಗಳನ್ನು ಮುಚ್ಚಿದರು. ಊಟ ಮಾಡಿಕೊಂಡು ಹೋಗು ಅಂದರು. ಮಗಳು ರೊಟ್ಟಿ ಬಡಿದಳು, ಉಂಡು ಬಂದೆ.

ಆ ಬೇಸಿಗೆ ಮುಗಿಯುವುದರೊಳಗೆ ಕಾಕಾ ತೀರಿಕೊಂಡರು. ಮಗಳು ಫೋನ್ ಮಾಡಿ ಹೇಳಿದಳು. ಮಣ್ಣಿಗೆ ಹೋಗಿ ಬಂದೆ. ಅದೇ ತಿಂಗಳು ನನ್ನ ಪರೀಕ್ಷೆಯ ಫಲಿತಾಂಶ ಬಂದಿತು, ಪಾಸಾಗಿದ್ದೆ.

ಆಮೇಲೆ ಒಂದು ದಿನ ಅಂಗಡಿಯಲ್ಲಿ ಒಂದು ಸಣ್ಣ ತಗಡಿನ ತುಂಡು ಬೇಕಾಯಿತು. ಹಲ್ಲು ಮುರಿದ ಆ ಹಳೆಯ ಬ್ಲೇಡು ಜಂತೆಯ ಸಂದಿಯಲ್ಲಿ ಇತ್ತು. ಅದನ್ನೇ ಕತ್ತರಿಸಿಕೊಂಡರಾಯಿತು ಎಂದು ತೆಗೆದು, ಧೂಳು ಒರೆಸಿ, ಬಾಗಿಲ ಬಿಸಿಲಿಗೆ ಹಿಡಿದೆ. ನೀಲಿ ಹಲ್ಲುಗಳ ಮೇಲೆ ಒಂದು ಗೀರೂ ಇರಲಿಲ್ಲ. ಆದರೆ ನೀಲಿ ಮುಗಿಯುವ ಕಡೆ, ಹಲ್ಲಿನ ಬುಡದಲ್ಲಿ, ಏನೋ ಹೊಳೆಯ ಹತ್ತಿತು. ಅಲ್ಲಿ ಉಕ್ಕು ಅಷ್ಟು ಗಟ್ಟಿ ಇಲ್ಲ. ಹಲ್ಲಿನ ಮೇಲಿಂದ ಜಾರಿದ ಅರದ ಮೂಲೆ ಅಲ್ಲಿ ಕೂತು ಗೀರು ಬಿಟ್ಟಿತ್ತು.

ಪ್ರತಿ ಹಲ್ಲಿನ ಬುಡದಲ್ಲಿ ಮೂರು ಗೆರೆ. ಕೂದಲಿನಷ್ಟು ಸಣ್ಣವು. ಮೂರೂ ಒಂದೇ ಓರೆ, ಒಂದೇ ಆಳ. ಮುಂದಿನ ಹಲ್ಲಿಗೂ ಮೂರು, ಅದರ ಮುಂದಿನದಕ್ಕೂ ಮೂರು. ಮುರಿದ ಒಂಬತ್ತು ಹಲ್ಲಿನ ಬುಡದಲ್ಲೂ ಇದ್ದವು. ತುದಿಯ ನಾಲ್ಕಕ್ಕೆ ಮಾತ್ರ ಆರಾರು, ಅಲ್ಲಿ ಅವರು ಹೊಸ ಅರ ಹಾಕಿ ನೋಡಿದ್ದರು. ನಾನು ಕಣ್ಣು ಮುಚ್ಚಿ ಹೆಬ್ಬೆರಳಿನ ಉಗುರನ್ನು ಈ ತುದಿಯಿಂದ ಆ ತುದಿಯವರೆಗೆ ಒಯ್ದೆ. ಎಲ್ಲಿಯೂ ಒಂದು ಗೆರೆಯ ಆಳ ಹೆಚ್ಚು ಕಡಿಮೆ ಸಿಗಲಿಲ್ಲ.

ಮುಂಡರಗಿಗೆ ನಾನು ಕಾಗದ ಒಯ್ದಿದ್ದೆ. ನನಗೆ ಈಗ ಓದಲು ಬರುತ್ತದೆ ಎಂಬ ಸಂತೋಷದಲ್ಲಿ ಬೇರೆ ಏನೂ ಹೊಳೆದಿರಲಿಲ್ಲ. ಈ ಬ್ಲೇಡನ್ನು ಒಯ್ದು ಅವರ ಹೆಬ್ಬೆರಳ ಕೆಳಗೆ ಇಟ್ಟಿದ್ದರೆ ಸಾಕಿತ್ತು. ನಾನು ಬಾಯಿ ತೆರೆಯುವುದೇ ಬೇಕಿರಲಿಲ್ಲ.